ಕುರಿಗಳೇ, ಕಚೇರಿ ವೇಳೆಯಲ್ಲೇ ಸಾಯಿರಿ

ಗಂಗಾವತಿ ಸೀಮೆಯ ಗುಡ್ಡಗಳಲ್ಲಿ ಮೇಯುವ ಕುರಿಗಳಿಗೆ ಒಂದು ಕಿವಿಮಾತು. ಕಿವಿ ಇರುವಾಗಲೇ ಹೇಳಿಬಿಡಬೇಕು. ಯಾಕೆ ಅನ್ನೋದು ಆಮೇಲೆ.

ನೀವು ಸತ್ತರೆ ಸರ್ಕಾರ ದುಡ್ಡು ಕೊಡುತ್ತದೆ. ತಮಾಷೆಯಲ್ಲ, ಅನುಗ್ರಹ ಅಂತಲೇ ಯೋಜನೆಯ ಹೆಸರು. ದೊಡ್ಡ ಕುರಿಗೆ 5,000 ರೂಪಾಯಿ ಇದ್ದದ್ದನ್ನು 2025ರ ಬಜೆಟ್‌ನಲ್ಲಿ 7,500 ಮಾಡಿದರು. ಮರಿಗೂ ಇದೆ, ಆದರೆ ಮೂರು ತಿಂಗಳು ತುಂಬಿರಬೇಕು. ಎರಡೂವರೆ ತಿಂಗಳ ಮರಿಗಳು ಇನ್ನು ಹದಿನೈದು ದಿನ ಹೇಗಾದರೂ ಜೀವ ಹಿಡಿದುಕೊಳ್ಳಿ.

ಸತ್ತ ಮೇಲೆ ಕೆಲಸ ಜಾಸ್ತಿ. ಡಾಕ್ಟರು ಬಂದು ಪೋಸ್ಟ್‌ಮಾರ್ಟಂ ಮಾಡಬೇಕು. ನೀವು ಬಿದ್ದಿರೋದು ಗುಡ್ಡದ ನೆತ್ತಿಯಲ್ಲಿ, ಅವರ ಬೈಕು ನಿಲ್ಲೋದು ಬುಡದಲ್ಲಿ. ಒಬ್ಬರೇ ಎಷ್ಟು ಊರು ಸುತ್ತಬೇಕು, ಪಾಪ. ಅಲ್ಲಿಯವರೆಗೆ ಏಪ್ರಿಲ್ ಬಿಸಿಲಲ್ಲಿ ಕೆಡದೆ ಇರೋದು ನಿಮ್ಮ ಜವಾಬ್ದಾರಿ. ಮೊನ್ನೆ ನಮ್ಮೂರ ಕುರಿಗಾರ ಕಾಕಾ ಸತ್ತ ಕುರಿಯನ್ನು ಕಂಬಳಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಕೆಳಗಿಳಿಸಿದರು. ಕಂಬಳಿಯೂ ಅದರ ಅಜ್ಜಿಯ ಉಣ್ಣೆಯದೇ ಇರಬೇಕು.

ಭತ್ತ ಕೊಯ್ದ ಮೇಲೆ ಸಿಂಧನೂರು, ಸಿರುಗುಪ್ಪ ಕಡೆ ಗದ್ದೆಯಲ್ಲಿ ತರುಬಲು, ಅಂದರೆ ರಾತ್ರಿ ತಂಗಿ ಹಿಕ್ಕೆ ಗೊಬ್ಬರ ಹಾಕಲು ಹೋಗುತ್ತೀರಲ್ವಾ, ಅಲ್ಲಿ ಸಾಯಬೇಡಿ. ಬೇರೆ ಜಿಲ್ಲೆ. ಸುಮ್ನೆ ತಲೆನೋವು.

ಇನ್ನು ತೋಳ. ರೋಗದಿಂದ ಸತ್ತರೆ ಪಶು ಇಲಾಖೆ, ತೋಳ ಹಿಡಿದರೆ ಅರಣ್ಯ ಇಲಾಖೆ. ಯಾವ ಇಲಾಖೆಗೆ ಸಾಯಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ತೋಳಕ್ಕೆ ಈ ಗೊಂದಲವಿಲ್ಲ. ನಮ್ಮ ಗಂಗಾವತಿ ಸೀಮೆಯ ಬಂಕಾಪುರದಲ್ಲಿ ಅದಕ್ಕೆ ಧಾಮವೇ ಇದೆ. 2025ರಲ್ಲಿ ಅಲ್ಲೊಂದು ತೋಳ 8 ಮರಿ ಹಾಕಿದ್ದು ದೊಡ್ಡ ಸುದ್ದಿಯಾಯಿತು. ಕಾಕಾನ ಕುರಿ ಅವಳಿ ಹಾಕಿದಾಗ ಯಾರೂ ಫೋಟೊ ತೆಗೆಯಲಿಲ್ಲ.

ಕಾಕಾನ ಹಿಂಡಿಗೂ ತೋಳ ಬಿತ್ತು. ಅರ್ಜಿ ಹಿಡಿದು ಹೋದರು.

"ಸಾಹೇಬ್ರ, ತೋಳ ತಿಂದೈತ್ರಿ."

"ಕಿವಿ ಓಲೆ ಎಲ್ಲೈತಿ?"

"ಅದೂ ತೋಳದ ಹೊಟ್ಟ್ಯಾಗ ಐತ್ರಿ."

"ಹಂಗಾರ ಯಾವ ಕುರಿ ಅಂತ ಬರೀಲಿ?"

ಓಲೆ ಅಂದರೆ ಕುರಿಯ ಗುರುತಿಗೆ ಕಿವಿಗೆ ಚುಚ್ಚುವ ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ. ನಮ್ಮ ಆಧಾರ್‌ಗೂ ಅಷ್ಟೇ. ತೋಳ ಓದಿ, ಕಿವಿ ಬಿಟ್ಟು, ಉಳಿದದ್ದು ತಿನ್ನಬೇಕಿತ್ತು.

ಈಗ ಕಾಕಾ ಸಂಜೆ ಹಟ್ಟಿಯಲ್ಲಿ ತಲೆ ಎಣಿಸುವುದಿಲ್ಲ, ಕಿವಿ ಮುಟ್ಟಿ ನೋಡುತ್ತಾರೆ. ನಿನ್ನೆ ಒಂದರ ಓಲೆ ಜಾಲಿ ಮುಳ್ಳಿಗೆ ಸಿಕ್ಕು ಹರಿದುಹೋಗಿತ್ತು. ಕುರಿ ಗಟ್ಟಿಮುಟ್ಟಾಗಿ ಮೆಲುಕು ಹಾಕುತ್ತಿತ್ತು. ಕಾಕಾ ಅದರ ಬೆನ್ನು ಸವರಿ, "ನೀ ಮಾತ್ರ ಸಾಯಬ್ಯಾಡವ್ವ" ಅಂದರು.