ರೊಟ್ಟಿ ಸೀಮೆ, ಮುದ್ದೆ ಸೀಮೆ

ಜೋಳದ ರೊಟ್ಟಿ ಹೆಚ್ಚೋ ರಾಗಿ ಮುದ್ದೆ ಹೆಚ್ಚೋ ಅನ್ನೋ ಜಗಳ ನಮ್ಮಲ್ಲಿ ಮುಗಿಯುವುದಿಲ್ಲ. ಎರಡನ್ನೂ ಬಿಡದೆ ತಿನ್ನುವ ನಾನು ಪಂಚಾಯ್ತಿಗೆ ಕೂರುವುದಿಲ್ಲ. ಆದರೂ ಹೇಳುತ್ತೇನೆ, ಯಾರ ತಟ್ಟೆಗೆ ಏನು ಅನ್ನೋದನ್ನು ಬಹುಪಾಲು ಕಾಲಡಿಯ ಕಲ್ಲೇ ಯಾವತ್ತೋ ತೀರ್ಮಾನಿಸಿಬಿಟ್ಟಿದೆ.

ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲ ನೋಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ನೆಲ ಬಿರಿದು ಲಾವಾ ಉಕ್ಕಿತು, ಪದರದ ಮೇಲೆ ಪದರವಾಗಿ ಇಲ್ಲಿಯವರೆಗೂ ಹರಡಿತು, ತಣಿದು ಕರಿಕಲ್ಲಾಯಿತು, ಆ ಕಲ್ಲು ಮಳೆ ಬಿಸಿಲಿಗೆ ಸವೆದು ಸವೆದು ಎರೆ ಮಣ್ಣಾಯಿತು. (ಗದಗ, ರಾಯಚೂರಿನ ಎರೆಯೆಲ್ಲ ಲಾವಾದ್ದಲ್ಲ, ಆ ಕಥೆ ಬೇರೆ.) ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಹೊಲಕ್ಕಿಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮನೆ ಕಟ್ಟುವವರಿಗಂತೂ ತಲೆನೋವು, ಅಡಿಪಾಯ ಸರಿಯಿಲ್ಲದಿದ್ದರೆ ಗೋಡೆಯೂ ಬಿರಿಯುತ್ತದೆ. ಜೋಳಕ್ಕೆ ಮಾತ್ರ ಇದೇ ಸ್ವರ್ಗ. ಮಳೆ ಮುಗಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ, ಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿಕೊಂಡು ತೆನೆ ಕಟ್ಟುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲೋಕೆ, ಅಂದರೆ ಹೊಲಕ್ಕೆ ಎಡೆ ಎರಚೋಕೆ ಹೋದಾಗ ಹೊಲದ ತುಂಬ ಹಸಿರು ನಿಂತಿರುತ್ತದಲ್ವಾ, ಅದು ಈ ಮಣ್ಣಿನ ಉಳಿತಾಯ.

ಕೋಲಾರ, ತುಮಕೂರು ಕಡೆ ನೆಲದಡಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಅನ್ನೋ ಗಟ್ಟಿ ಬಂಡೆ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರೋದೂ ಇದೇ ಜಾತಿಯ ಬಂಡೆಯ ಮೇಲೆ. ಇದರ ವಯಸ್ಸಿನ ಮುಂದೆ ದಖ್ಖನ್ ಲಾವಾ ನಿನ್ನೆ ಮೊನ್ನೆಯದು. ಈ ಬಂಡೆ ಸವೆದಾಗ ಬರುವ ಮಣ್ಣು ಕೆಂಪು, ಒಳಗಿನ ಕಬ್ಬಿಣ ತುಕ್ಕು ಹಿಡಿದ ಬಣ್ಣ ಅದು. ಮರಳು ಜಾಸ್ತಿ, ನೀರು ನಿಲ್ಲಲ್ಲ. ಮಳೆ ಸ್ವಲ್ಪ ಕೈಕೊಟ್ಟರೂ ತಡೆದುಕೊಳ್ಳುವ ರಾಗಿಗೆ ಇಷ್ಟು ಸಾಕು. ಮಣ್ಣು ಹಿಡಿಯದ ನೀರನ್ನು ಹಿಡಿಯೋಕೆ ಜನ ಕೆರೆ ಕಟ್ಟಿಕೊಂಡರು, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುವ ಹಾಗೆ.

ಈಗ ಕೆರೆ ಬಿಟ್ಟು ಬೋರ್‌ವೆಲ್ ಕೊರೆಸುತ್ತೇವೆ. ಗಟ್ಟಿ ಬಂಡೆಯಲ್ಲಿ ನೀರಿರೋದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಸಾವಿರ ಅಡಿ ಇಳಿದರೂ ಬರೀ ಧೂಳು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ನೋಡುವವರಿಗೆ ಆ ಕಡೆ ಅಷ್ಟು ಗಿರಾಕಿ ಇರೋದು ಸುಮ್ನೆ ಅಲ್ಲ!