ದವಡೆ ಕೀಲಿನ ನೋವಿಗೆ ದಂತವೈದ್ಯರ ಜೊತೆ ಕೈರೋಪ್ರಾಕ್ಟರೂ ಬೇಕೇ?

ಪರ: ಹಲ್ಲಿನವರು ಅರ್ಧ ಇಳಿಸಿದರು, ಉಳಿದರ್ಧ ಕತ್ತಿನಲ್ಲಿತ್ತು

ದಾವಣಗೆರೆಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಖಡಕ್ ರೊಟ್ಟಿ ಬಾಯಿಗಿಟ್ಟರೆ ಎಡಗಿವಿಯ ಬುಡದಲ್ಲಿ ‘ಟಕ್’ ಅನ್ನುವುದು ಶುರುವಾಗಿ, ಶ್ರಾವಣದ ಹೊತ್ತಿಗೆ ಆಕಳಿಸಲೂ ಹೆದರಿಕೆಯಾಯಿತು. ಕಿವಿಯದೇ ದೋಷವೆಂದು ಕಿವಿ ಡಾಕ್ಟರ ಹತ್ತಿರ ಹೋದರೆ ಅವರು ಇದು ದವಡೆ ಕೀಲಿನದೆಂದು ದಂತ ಕಾಲೇಜಿಗೆ ಕಳಿಸಿದರು. ಎರಡು ದಂತ ಕಾಲೇಜುಗಳಿರುವ ಊರಲ್ಲಿದ್ದೂ ನನಗದು ಹೊಳೆದಿರಲಿಲ್ಲ.

“ಅಕ್ಕಾ, ದಾರ ಹಲ್ಲಲ್ಲೇ ಕಡೀತೀರಾ?” ಅಂತ ಅಲ್ಲಿನ ಹುಡುಗಿ ಡಾಕ್ಟರ್ ಮೊದಲು ಕೇಳಿದ್ದು. ಕತ್ತರಿ ತೊಡೆಯ ಮೇಲಿದ್ದರೂ ನಮಗೆ ಹಲ್ಲೇ ಬೇಕು. ರಾತ್ರಿ ಹಲ್ಲು ಮಸೆಯುತ್ತೇನೆಂದು ಮನೆಯವರು ಹೇಳಿದ್ದನ್ನೂ ಬರೆದುಕೊಂಡು, ಹಲ್ಲಿನ ಅಚ್ಚು ತೆಗೆದು, ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ನೈಟ್ ಗಾರ್ಡ್, ಮಾಡಿಕೊಟ್ಟರು. ನೋವು ಅರ್ಧ ಇಳಿಯಿತು.

ಉಳಿದರ್ಧದ ಬಗ್ಗೆಯೇ ನನ್ನ ಮಾತು. ದಿನಕ್ಕೆ ಎಂಟು ಗಂಟೆ ಕತ್ತು ಮುಂದೆ ಚಾಚಿ ಕೂರುವವಳ ದವಡೆ ನೆಟ್ಟಗೆ ಎಲ್ಲಿಂದ ನಿಂತೀತು? ತಲೆ ಬಾಗಿದರೆ ಕೆಳದವಡೆ ನಿಲ್ಲುವ ಜಾಗವೇ ಬದಲಾಗುತ್ತದೆ. ಮುಖದ ನೋವು ಒಯ್ಯುವ ನರವೂ ಕತ್ತಿನ ಮೇಲ್ಭಾಗದ ನರಗಳೂ ಒಳಗೆ ಒಂದೇ ಕಡೆ ಕೂಡುತ್ತವೆ. ಹಾಗಾಗಿ ಕತ್ತಿನ ನೋವು ಎಷ್ಟೋ ಸಲ ಕೆನ್ನೆಯ ನೋವಾಗಿ ಕಾಣುತ್ತದೆ.

ತಂಗಿ ಬೆಂಗಳೂರಿನಲ್ಲಿ ಒಬ್ಬ ಕೈರೋಪ್ರಾಕ್ಟರ್ ಬಳಿ, ಅಂದರೆ ಬೆನ್ನು-ಕತ್ತಿನ ಕೀಲುಗಳನ್ನು ಕೈಯಿಂದಲೇ ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವವರ ಬಳಿ, ಕರೆದೊಯ್ದಳು. ಲಟಿಕೆ ಮುರಿಯುತ್ತಾರೆಂದು ಹೆದರಿದ್ದೆ, ಮುರಿಯಲಿಲ್ಲ. ತಲೆಬುರುಡೆಯ ಕೆಳಗಿನ ಸ್ನಾಯುಗಳನ್ನೂ ಕೆನ್ನೆಯನ್ನೂ ಮೆಲ್ಲಗೆ ಒತ್ತಿದರು, ಗಲ್ಲ ಒಳಗೆಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟರು, ಮೆಷಿನ್ನಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಲು ಹೇಳಿದರು. ಎರಡು ತಿಂಗಳಲ್ಲಿ ರೊಟ್ಟಿ ಮುರಿದು ತಿಂದೆ.

ನನ್ನ ಸಿಟ್ಟು ಬೇರೆಯದು. ಕೈರೋಪ್ರಾಕ್ಟರ್ ನನ್ನ ಗಾರ್ಡ್ ನೋಡಲಿಲ್ಲ, ಹಲ್ಲಿನವರು ಕತ್ತು ಮುಟ್ಟಲಿಲ್ಲ. ಜಗಳವಾಡಿದ ಅಪ್ಪ ಅಮ್ಮನ ನಡುವೆ ಸುದ್ದಿ ಹೊರುವ ಮಗುವಿನ ಹಾಗೆ ನಾನು ಓಡಾಡಿದೆ. ಕತ್ತಿನ ಸ್ನಾಯು ಸಡಿಲವಾದ ಮೇಲೆ ಹಲ್ಲು ಕೂಡುವ ರೀತಿ ಬದಲಾಗಿ ಗಾರ್ಡ್ ಒಂದು ಕಡೆ ಒತ್ತತೊಡಗಿತು. ಇಬ್ಬರೂ ಒಂದೇ ಚೀಟಿ ನೋಡಿದ್ದರೆ ಅದನ್ನು ಆಗಲೇ ಉಜ್ಜಿ ಸರಿಮಾಡಬಹುದಿತ್ತು. ನಮ್ಮೂರಲ್ಲೂ ವಾರಕ್ಕೊಂದು ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಲಿ.

ವಿರೋಧ: ಇಟ್ಟಿಗೆ ಇಡಲು ಕೈರೋಪ್ರಾಕ್ಟರ್ ಯಾಕೆ?

ಹೊಲಿಗೆ ಅಕ್ಕನ ಇಟ್ಟಿಗೆಗೆ ನನ್ನ ತಕರಾರಿಲ್ಲ. ಆ ಒತ್ತುವಿಕೆ, ಗಲ್ಲದ ವ್ಯಾಯಾಮ, ಮೆಷಿನ್ನಿನ ಎತ್ತರ ಎಲ್ಲವನ್ನೂ ನಮ್ಮ ಫಿಸಿಯೋಥೆರಪಿಸ್ಟ್‌ಗಳೇ ಮಾಡುತ್ತಾರೆ. ಬೆಂಗಳೂರು ಬಸ್ಸು ಹತ್ತಬೇಕಿಲ್ಲ. ಕತ್ತು ನೋಡಬೇಕೆಂಬ ಮಾತು ನಿಜ. ಯಾರು ನೋಡಬೇಕು ಎನ್ನುವಲ್ಲಿ ನಮ್ಮ ದಾರಿ ಬೇರೆ.

ನಮ್ಮದು ಚಿತ್ರದುರ್ಗದ ಭೀಮಸಮುದ್ರದ ಕಡೆ, ಅಡಿಕೆ ಸೀಮೆ. ದೊಡ್ಡಪ್ಪನ ಮಗನಿಗೆ ಬಾಯಿ ತೆರೆಯುವುದು ಕಮ್ಮಿಯಾಗುತ್ತಾ ಬಂತು. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಬಾಯೊಳಗೆ ಹೋಗಬೇಕು, ಅಂದರೆ ಸುಮಾರು 40 ಮಿಲಿಮೀಟರ್. ಅಣ್ಣನಿಗೆ ಎರಡೂ ಬಿಗಿ. ಯಾರೋ ‘ದವಡೆ ಹಿಡಿದಿದೆ, ಕತ್ತಿನ ಮೂಳೆ ಜಾರಿದೆ’ ಅಂದರು. ಐದು ತಿಂಗಳು ಕತ್ತು ತಿರುಗಿಸಿಕೊಂಡು ದುಡ್ಡು ಕೊಟ್ಟು ಬಂದ. ಕೊನೆಗೆ ದಂತವೈದ್ಯರು ಕೆನ್ನೆಯ ಒಳಗೆ ಬೆರಳಾಡಿಸಿದರು. ಬಿಳಿಚಿಕೊಂಡ ಚರ್ಮ, ಒಳಗೆ ಹಗ್ಗದಂಥ ಗೆರೆಗಳು. ಗುಟ್ಕಾ, ಅಡಿಕೆ ಜಗಿದು ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೀಲಿಗೂ ಅದಕ್ಕೂ ಸಂಬಂಧವಿಲ್ಲ. ಬಿಟ್ಟರೆ ಕ್ಯಾನ್ಸರ್‌ಗೆ ತಿರುಗಬಹುದಾದ ಕಾಯಿಲೆ. ಆ ಐದು ತಿಂಗಳೂ ಅವನ ಬಾಯಲ್ಲಿ ಗುಟ್ಕಾ ಇದ್ದೇ ಇತ್ತು.

ಅಡಿಕೆ ಬೆಳೆದು ಅಡಿಕೆ ಜಗಿಯುವ ಈ ಎರಡು ಜಿಲ್ಲೆಗಳಲ್ಲಿ ‘ಬಾಯಿ ತೆರೆಯೋಲ್ಲ’ ಅಂದವನನ್ನು ಮೊದಲು ಯಾರು ನೋಡುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಇಬ್ಬರು ಸೇರಿದಾಗ ತಪ್ಪಿಗೆ ಯಜಮಾನನೇ ಇರುವುದಿಲ್ಲ. ದಂತವೈದ್ಯರು ತಪ್ಪಿದರೆ ಕೇಳಲು 1948ರಿಂದಲೇ ಕಾಯ್ದೆಯಿದೆ. ಕೈರೋಪ್ರಾಕ್ಟಿಕ್‌ಗೆ ನಮ್ಮಲ್ಲಿ ಹಾಗೆ ಕೇಳುವ ಪ್ರತ್ಯೇಕ ಪರಿಷತ್ತಿಲ್ಲ. 1895ರಲ್ಲಿ ಅಮೆರಿಕದ ಅಯೋವಾದಲ್ಲಿ ಡಿ.ಡಿ. ಪಾಮರ್ ಶುರುಮಾಡಿದ ಪದ್ಧತಿ ಅದು. ಬೆನ್ನುಮೂಳೆ ಸರಿಮಾಡಿದರೆ ಬಹುಪಾಲು ರೋಗ ಹೋಗುತ್ತದೆಂಬ ಅವನ ಮೂಲವಾದವನ್ನು ವೈದ್ಯಶಾಸ್ತ್ರ ಒಪ್ಪಿಲ್ಲ.

ಕತ್ತಿನ ಲಟಿಕೆ ನಮಗೆ ಹೊಸದೂ ಅಲ್ಲ. ಕ್ಷೌರದಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. 2024ರಲ್ಲಿ ಹಾಗೆ ತಿರುಗಿಸಿಕೊಂಡ ಬಳ್ಳಾರಿಯ ಯುವಕನಿಗೆ ಪಾರ್ಶ್ವವಾಯು ಹೊಡೆದದ್ದು ಪತ್ರಿಕೆಗಳಲ್ಲಿ ಬಂತು. ಕತ್ತಿನ ರಕ್ತನಾಳದ ಒಳಪದರ ಹರಿದು ಹೀಗಾಗುವುದು ಅಪರೂಪ, ಆದರೆ ದವಡೆಯ ಟಕ್ ಶಬ್ದಕ್ಕೆ ಆ ಅಪಾಯ ಮೈಮೇಲೆ ಯಾಕೆ ಎಳೆದುಕೊಳ್ಳಬೇಕು? ನೋವಿಲ್ಲದ ಟಕ್ ಶಬ್ದಕ್ಕೆ ಚಿಕಿತ್ಸೆಯೇ ಬೇಡ ಅನ್ನುತ್ತಾರೆ ದಂತವೈದ್ಯರು. ನೋವಿದ್ದರೂ ಮೆತ್ತನೆಯ ಊಟ, ಬಿಸಿ ಕಾವು, ಕೆಲವು ವಾರ ತಾಳ್ಮೆ, ಇಷ್ಟಕ್ಕೇ ಬಹಳ ಮಂದಿಗೆ ಇಳಿಯುತ್ತದೆ.

ಅಣ್ಣ ಈಗ ಬಾಯಿ ಹಿಗ್ಗಿಸಲು ದಿನಕ್ಕೆ ನಾಲ್ಕು ಸಲ ಕನ್ನಡಿ ಮುಂದೆ ನಿಂತು ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ತುರುಕುತ್ತಾನೆ. ದೀಪಾವಳಿಗೆ 11 ಹಿಡಿಯುತ್ತಿದ್ದವು. ಮೊನ್ನೆ 14 ಆಗಿವೆ.