ಹಳಸಿದ ಪೆಟ್ರೋಲು

ಮೇ ತಿಂಗಳ ಮಳೆ ನಮ್ಮೂರಿಗೆ ಬರುವಾಗ ಗಾಳಿಯನ್ನು ಮುಂದೆ ಕಳಿಸುತ್ತದೆ. ಈ ಸಲ ಆ ಗಾಳಿ ಪಾಂಡವಪುರದ ಕಡೆಯ ನಮ್ಮ ಹಿತ್ತಲಿನಲ್ಲಿ ಒಂದೇ ಒಂದು ತೆಂಗಿನಮರ ಬೀಳಿಸಿತು. ಬಿದ್ದಿದ್ದು ಕೊಟ್ಟಿಗೆಗೂ ತಿಪ್ಪೆಗೂ ಸರಿಯಾಗಿ ಅಡ್ಡ. ಅವ್ವ ದಿನಾ ಬೆಳಗ್ಗೆ ಸಗಣಿ ಮಂಕರಿ ಹೊತ್ತು ಮರ ದಾಟಬೇಕು.

"ಮರ ಕುಯ್ಯೋರ್‍ನ ಕರುಸ್ತೀನಿ" ಅಂತ ಅಪ್ಪ ಫೋನ್ ಮಾಡಿದರು. ನಾನು ಬೇಡ ಅಂದೆ. ನನ್ನ ಹತ್ತಿರ ಮಿಷನ್ ಇತ್ತಲ್ಲ!

ಎರಡು ವರ್ಷದ ಹಿಂದೆ ಮೈಸೂರಿನ ಬಾಡಿಗೆ ಮನೆಯಲ್ಲಿ ಕೂತು, ರಾತ್ರಿ ಹನ್ನೊಂದು ಗಂಟೆಗೆ ವಿಡಿಯೋ ನೋಡಿ ತರಿಸಿದ ಚೈನ್ ಸಾ ಅದು. ತರಿಸಿದವನೇ ಊರಿಗೆ ಒಯ್ದು ಒಂದು ಒಣಗಿದ ನುಗ್ಗೆಮರ ಕೊಯ್ದೆ. ನುಗ್ಗೆಮರ ಕೊಯ್ಯಲು ಚೈನ್ ಸಾ ಬೇಕಿಲ್ಲ, ಜೋರಾಗಿ ಬೈದರೂ ಮುರಿದುಕೊಳ್ಳುತ್ತದೆ. ಆಮೇಲೆ ಮಿಷನ್ನನ್ನು ಹಾಗೇ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು, ಅಟ್ಟದ ಮೇಲೆ ರಾಗಿ ಡ್ರಮ್ಮಿನ ಪಕ್ಕ ಇಟ್ಟುಬಂದೆ.

ಶನಿವಾರ ಹೋಗಿ ಇಳಿಸಿದೆ. ಹಗ್ಗ ಎಳೆದೆ. ಇಪ್ಪತ್ತು ಸಲ ಎಳೆದ ಮೇಲೆ ನನ್ನ ಭುಜ ಬಿಸಿಯಾಯಿತು, ಇಂಜಿನ್ ಆಗಲಿಲ್ಲ.

"ಪ್ಲಗ್ಗು ಕಣ್ಲಾ" ಅಂದರು ಮಾವ.

ನಮ್ಮ ಸೋದರಮಾವನ ಲೆಕ್ಕದಲ್ಲಿ ಯಾವ ಮಿಷನ್ ಕೆಟ್ಟರೂ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗೇ ಕಾರಣ. ಮೊಪೆಡ್ ನಿಂತರೂ ಪ್ಲಗ್ಗು, ಔಷಧಿ ಹೊಡೆಯೋ ಮಿಷನ್ ನಿಂತರೂ ಪ್ಲಗ್ಗು. ಒಮ್ಮೆ ಡೀಸೆಲ್ ಪಂಪ್‌ಸೆಟ್ ನಿಂತಾಗ ಅರ್ಧ ಗಂಟೆ ಪ್ಲಗ್ ಹುಡುಕಿದ್ದರು. ಡೀಸೆಲ್ ಇಂಜಿನ್ನಿಗೆ ಆ ಪ್ಲಗ್ಗೇ ಇರುವುದಿಲ್ಲ. ಸ್ಪ್ಯಾನರ್ ಅವರ ಪಂಚೆಯ ಸೊಂಟದಲ್ಲೇ ಇರುತ್ತದೆ, ಎಲೆಅಡಿಕೆ ಚೀಲದ ಜೊತೆ.

ಬಿಚ್ಚಿದೆವು. ಒರೆಸಿ, ಉಪ್ಪು ಕಾಗದದಲ್ಲಿ ತಿಕ್ಕಿ ಹಾಕಿದೆವು. ಏನೂ ಆಗಲಿಲ್ಲ. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಅದು ಪೆಟ್ರೋಲ್ ವಾಸನೆ ಅಲ್ಲ, ಹಳೇ ವಾರ್ನಿಶ್ ವಾಸನೆ. ಅನ್ನ, ಸಾರು ಹಳಸುವುದು ಗೊತ್ತಿತ್ತು. ಪೆಟ್ರೋಲೂ ಹಳಸುತ್ತದೆ ಅಂತ ಯಾರೂ ಹೇಳಿರಲಿಲ್ಲ. ಅದನ್ನೆಲ್ಲ ಒಂದು ಗಾಜಿನ ಬಾಟಲಿಗೆ ಬಸಿದು ಹಿತ್ತಲ ಗೋಡೆ ಮೇಲಿಟ್ಟೆ.

ಹೊಸ ಪೆಟ್ರೋಲ್ ತರಲು ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂಕಿಗೆ ಹೋದರೆ, ಬಾಟಲಿಗೆ ಹಾಕಲ್ಲ ಅಂದರು. ಅವರು ಹೇಳಿದ್ದೂ ಸರಿಯೇ. ಬೈಕಿಗೆ ಹಾಕಿಸಿಕೊಂಡು ಬಂದು, ಮನೆ ಮುಂದೆ ಪೈಪು ಬಿಚ್ಚಿ ಒಂದು ಲೀಟರ್ ಇಳಿಸಿದೆ. ಇದಕ್ಕೆ ಟೂ ಟಿ ಆಯಿಲ್ ಬೆರೆಸಬೇಕು. ಇದು ಟೂ ಸ್ಟ್ರೋಕ್ ಇಂಜಿನ್, ಪೆಟ್ರೋಲ್ ಜೊತೆ ಹೋಗುವ ಎಣ್ಣೆಯೇ ಅದರ ಒಳಭಾಗಗಳಿಗೆ ಜಿಡ್ಡು. ನನ್ನ ಮಿಷನ್ನಿನ ಪುಸ್ತಕದಲ್ಲಿ ಐವತ್ತಕ್ಕೆ ಒಂದು ಅಂತಿದೆ, ಅಂದರೆ ಲೀಟರಿಗೆ 20 ಎಂ.ಎಲ್. ಮನೆಯಲ್ಲಿದ್ದ ಒಂದೇ ಅಳತೆ ಅಂದರೆ ಅಪ್ಪನ ಕೆಮ್ಮಿನ ಸಿರಪ್ಪಿನ 10 ಎಂ.ಎಲ್. ಮುಚ್ಚಳ. ಎರಡು ಮುಚ್ಚಳ ಹಾಕಿದೆ.

"ಇನ್ನೊಸಿ ಹಾಕ್ಲಾ, ಎಣ್ಣೆಗ್ಯಾಕೆ ಜಿಪುಣತನ?" ಅಂದರು ಮಾವ. ಎಣ್ಣೆ ಜಾಸ್ತಿಯಾದರೆ ಬರೀ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಪ್ಲಗ್ ಅನ್ನುವ ಪದ ಬಂದದ್ದೇ ಮಾವ ಒಪ್ಪಿಕೊಂಡರು. ಆ ಮುಚ್ಚಳವನ್ನು ಅವ್ವ ನನ್ನ ಕೈಯಿಂದ ಕಿತ್ತು ಬೀದಿಗೆ ಎಸೆದಳು. ಅದು ಬೇರೆ ಕತೆ.

ಈ ಸಲ ಸ್ಟಾರ್ಟ್ ಆಯಿತು! ಸದ್ದಿಗೆ ಬೀದಿಯವರೆಲ್ಲ ಬಂದರು. ನಾನು ವಿಡಿಯೋದವನ ಹಾಗೆ ಕಾಲು ಅಗಲಿಸಿ ನಿಂತು ಬ್ಲೇಡನ್ನು ಮರಕ್ಕೆ ಒತ್ತಿದೆ. ನಾಲ್ಕು ಬೆರಳು ಇಳಿಯಿತು. ಗುರ್ ಅಂತಿದ್ದದ್ದು ಗೊರಗೊರ ಆಯಿತು, ನಿಂತಿತು.

ಮತ್ತೆ ಎಳೆದೆ. ಮೂರು ನಿಮಿಷ ಓಡಿತು, ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೂರು ನಿಮಿಷ. ಜನ ನಿಂತಿರುವಾಗಲೇ ನಿಲ್ಲುತ್ತಿತ್ತು ಅನ್ನುವುದು ನನ್ನ ಅನುಮಾನ. "ತೆಂಗಿನಮರ ಅಲ್ವಾ, ಕಡಿಯೋಕೆ ಅದಕ್ಕೂ ಮನಸ್ಸು ಬರಲ್ಲ" ಅಂತ ಒಬ್ಬರು. "ದೃಷ್ಟಿ ಆಗ್ಯದೆ, ನಿಂಬೆಹಣ್ಣು ಇಳೀಸಿ" ಅಂತ ಇನ್ನೊಬ್ಬರು. ಮಾವ ಅಷ್ಟರಲ್ಲಿ ಮೂರನೇ ಸಲ ಪ್ಲಗ್ ಬಿಚ್ಚಿದ್ದರು.

ಕಾರಣ ಕಂಡುಹಿಡಿದದ್ದು ಆರನೇ ಕ್ಲಾಸಿನ ತಂಗಿ ಮಗ. ಪೆಟ್ರೋಲ್ ಇದೆಯಾ ಅಂತ ನೋಡಲು ಮುಚ್ಚಳ ತಿರುಗಿಸಿದ. 'ಉಸ್' ಅಂತ ಗಾಳಿ ಒಳಗೆ ಹೋಯಿತು. ಎಳೆದರೆ ಒಂದೇ ಏಟಿಗೆ ಸ್ಟಾರ್ಟ್. ಮೂರು ನಿಮಿಷಕ್ಕೆ ನಿಂತಾಗ ಮತ್ತೆ ಮುಚ್ಚಳ, ಮತ್ತೆ ಉಸ್. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಅದಕ್ಕೊಂದು ಸಣ್ಣ ದಾರಿ ಇರುತ್ತದೆ. ಅದು ಕಟ್ಟಿಕೊಂಡಿತ್ತು. "ಹಂಗಾದ್ರೆ ಮುಚ್ಚಳ ಸಡ್ಲ ಬುಟ್ಕೊಂಡೇ ಕುಯ್ಯಿ" ಅಂದರು ಮಾವ. ಕಾದ ಸೈಲೆನ್ಸರಿನ ಪಕ್ಕ ಪೆಟ್ರೋಲ್ ಚೆಲ್ಲಿಕೊಂಡು ಮರ ಕೊಯ್ಯುವಷ್ಟು ಧೈರ್ಯ ನನಗಿಲ್ಲ.

ಟ್ಯಾಂಕ್ ಖಾಲಿ ಮಾಡಿ, ಮಿಷನ್ನನ್ನು ಗೋಣಿಚೀಲಕ್ಕೆ ಹಾಕಿ ಮೈಸೂರಿನ ಬಸ್ ಹತ್ತಿದೆ. ಬೈಕಿನ ಪೈಪು ನಾನು ಬಿಚ್ಚಿದ ಮೇಲೆ ಸೋರುತ್ತಿತ್ತು. ಚೀಲದಿಂದ ಬ್ಲೇಡಿನ ತುದಿ ಇಣುಕಿದ್ದನ್ನು ನೋಡಿ ಪಕ್ಕದ ಸೀಟಿನವರು ಶ್ರೀರಂಗಪಟ್ಟಣಕ್ಕೆ ಮುಂಚೆಯೇ ಎದ್ದು ಹಿಂದೆ ಹೋದರು.

ಟೂ ಸ್ಟ್ರೋಕ್ ಇಂಜಿನ್ ಕೆಟ್ಟರೆ ಮೈಸೂರಿನಲ್ಲಿ ಕೆಡಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ಅಂತ ಊರಿಗೆಲ್ಲ ಟೂ ಸ್ಟ್ರೋಕ್ ಹೊಗೆ ಕುಡಿಸಿದೆ. ಕಾರ್ಖಾನೆ ಮುಚ್ಚಿದರೂ ಯೆಜ್ಡಿ ಸದ್ದು ಕೇಳಿಯೇ ರೋಗ ಹೇಳುವ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅಂಥ ಒಬ್ಬರ ಮುಂದೆ ಚೀಲ ಬಿಚ್ಚಿದೆ.

"ಎಷ್ಟು ದಿನ ಪೆಟ್ರೋಲ್ ಬಿಟ್ಟಿದ್ರಿ ಸಾರ್?"

"ಸ್ವಲ್ಪ ದಿನ."

ಅವರು ನನ್ನ ಮುಖ ನೋಡಿದರು. "ಎರಡು ವರ್ಷ" ಅಂದೆ.

ತಂತಿಯ ತುದಿ ಬಗ್ಗಿಸಿ ಟ್ಯಾಂಕಿಗೆ ಬಿಟ್ಟು, ಗಾಳ ಹಾಕಿದ ಹಾಗೆ ಫಿಲ್ಟರ್ ಮೇಲಕ್ಕೆ ಎಳೆದರು. ಪೈಪಿನ ತುದಿಗೆ ನೇತಾಡುವ ಹೆಬ್ಬೆರಳಿನ ಗಾತ್ರದ ವಸ್ತು. ಮಿಷನ್ ಯಾವ ಕಡೆ ತಿರುಗಿದರೂ ಅದು ತಳಕ್ಕೇ ಬೀಳುತ್ತದೆ, ಅಲ್ಲಿಂದಲೇ ಪೆಟ್ರೋಲ್ ಹೀರುತ್ತದೆ. ಅಂಟು ಮೆತ್ತಿಕೊಂಡು ಬೆಲ್ಲದ ಅಚ್ಚಿನ ತರ ಆಗಿತ್ತು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಒಳಗಿನ ತೆಳು ಹಾಳೆ ತೋರಿಸಿದರು. ಡಯಾಫ್ರಮ್ಮು. ಹೋಳಿಗೆ ಕಣಕದ ಹಾಗೆ ಮೆತ್ತಗಿರಬೇಕಾದದ್ದು ಹಪ್ಪಳ ಆಗಿತ್ತು. ಪೆಟ್ರೋಲ್ ಹಾಯುವ ಜೆಟ್ಟಿನ ತೂತಿನಲ್ಲೂ ಅಂಟು. ಸುಮ್ಮನೆ ಓಡುವಾಗ ಸಾಕಾಗುವ ಪೆಟ್ರೋಲ್, ಮರಕ್ಕೆ ಒತ್ತಿದಾಗ ಸಾಕಾಗುತ್ತಿರಲಿಲ್ಲ.

"ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇದೆಯಲ್ಲ ಸಾರ್, ಅದು ಗಾಳೀಲಿರೋ ನೀರು ಎಳ್ಕೊಳ್ಳುತ್ತೆ. ಜಾಸ್ತಿ ಆದ್ರೆ ಎರಡೂ ಸೇರಿ ಕೆಳಗೆ ಕೂತ್ಕೊಳ್ತವೆ. ಫಿಲ್ಟರ್ ಇರೋದೂ ಕೆಳಗೇ!"

ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಇರುವ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಹಾಗಂತ ಪೂರ್ತಿ ತಪ್ಪು ಅದರ ಮೇಲೆ ಹಾಕುವುದು ನ್ಯಾಯವಲ್ಲ. ಎರಡು ವರ್ಷ ಅಟ್ಟದ ಮೇಲೆ ಬಿಟ್ಟರೆ ಎಂಥ ಪೆಟ್ರೋಲೂ ಅಂಟಾಗುತ್ತದೆ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ, ಗೋಡೆ ಮೇಲಿನ ಬಾಟಲಿ ನೋಡಲು ಹೇಳಿದೆ.

"ಎರಡು ಪದರ ಆಗ್ಯದೆ ಕಣ್ಲಾ. ಕೆಳಗೆ ಏನೋ ನೀರ್ ನೀರಂಗೆ ನಿಂತದೆ. ಏನದು?"

ಎಥೆನಾಲ್ ಅಂದೆ. ಕಬ್ಬಿನ ರಸ, ಕಾಕಂಬಿಯಿಂದ ಮಾಡ್ತಾರೆ, ಜೋಳ ಅಕ್ಕಿಯಿಂದಾನೂ ಮಾಡ್ತಾರೆ ಅಂದೆ. ಅಪ್ಪ ಕಬ್ಬು ಅನ್ನುವವರೆಗೆ ಮಾತ್ರ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು:

"ಫ್ಯಾಕ್ಟರಿಗೆ ಕೊಟ್ಟ ಕಬ್ಬಿನ ದುಡ್ಡೇ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಕಬ್ಬೇ ವಾಪಸ್ ಬಂದುಬುಡ್ತಾ?"

ಈ ಮಾತನ್ನು ಮೆಕ್ಯಾನಿಕ್ಕಿಗೆ ಹೇಳಿದೆ. ಅವರು ನಕ್ಕು ನಕ್ಕು ಡಯಾಫ್ರಮ್ಮಿನ ಪುಟ್ಟ ಸ್ಕ್ರೂ ಒಂದನ್ನು ಬೀಳಿಸಿಕೊಂಡರು. ಅದನ್ನು ಹುಡುಕಲು ಇಬ್ಬರಿಗೂ ಹತ್ತು ನಿಮಿಷ ಬೇಕಾಯಿತು. ಹೊಸ ಫಿಲ್ಟರ್, ಹೊಸ ಡಯಾಫ್ರಮ್ ಹಾಕಿ, ಗಾಳಿ ದಾರಿ ಬಿಡಿಸಿ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: "ಬೇಕಾದಷ್ಟೇ ಬೆರೆಸ್ಕೊಳ್ಳಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬಸಿದು, ತಾನಾಗೇ ನಿಲ್ಲೋ ತನಕ ಓಡಿಸಿ ಇಡಿ."

ಮುಂದಿನ ಭಾನುವಾರ ಮರ ಮುಗಿಯಿತು. ತೆಂಗಿನ ನಾರು ಚೈನಿನ ಹಲ್ಲು ಮೊಂಡು ಮಾಡಿತು, ನಡುವೆ ಎರಡು ಸಲ ಅರ ಹಾಕಬೇಕಾಯಿತು. ಅಷ್ಟು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಅವ್ವ ಮಂಕರಿ ಹೊತ್ತು ನೇರ ನಡೆದು ಹೋದಳು, ನನ್ನ ಕಡೆ ನೋಡಲೂ ಇಲ್ಲ. ಬೀದಿಯವರು ನೋಡುವುದೇನೂ ಇಲ್ಲ ಅಂತ ಬೇಜಾರಾಗಿ ಹೊರಟರು.

ನಾನು ಟ್ಯಾಂಕ್ ಬಸಿದೆ. ಮಿಷನ್ ನೆಲದ ಮೇಲಿಟ್ಟು, ಉಳಿದ ಪೆಟ್ರೋಲ್ ಮುಗಿಯಲಿ ಅಂತ ಓಡಲು ಬಿಟ್ಟೆ. ಒಂದು ನಿಮಿಷ ಗುರ್ ಅಂದಿತು, ಗೊರಗೊರ ಅಂದಿತು, ಚೆನ್ನಾಗಿ ನಿಂತಿತು.

ಕೊಟ್ಟಿಗೆ ಹಿಂದಿನಿಂದ ಮಾವ ಓಡಿ ಬಂದರು. ಸ್ಪ್ಯಾನರ್ ಆಗಲೇ ಕೈಯಲ್ಲಿತ್ತು.

"ನಾನ್ ಹೇಳ್ನಿಲ್ವಾ?"